ಒಡೆದ ಬಿಸ್ಕತ್ತು ಮತ್ತು ಭಾವನ ಮದುವೆ ಕೋಟು

ನಮ್ಮ ಭಾವನ ಹೊಟ್ಟೆಯ ವಿಷಯ ಬರೆಯಲು ನನಗಿಂತ ಯೋಗ್ಯ ಮನುಷ್ಯ ಈ ಬೀದಿಯಲ್ಲಿಲ್ಲ. ಒಂದು, ಅವರು ನನ್ನ ಅಕ್ಕನ ಗಂಡ. ಇನ್ನೊಂದು, ಆ ಹೊಟ್ಟೆಯ ಮುಕ್ಕಾಲು ಭಾಗ ತಯಾರಾದದ್ದು ನನ್ನ ಬೇಕರಿಯಲ್ಲಿ.

ಭಾವ ದರ್ಜಿ. ಅವರ ಅಂಗಡಿಗೂ ನನ್ನ ಬೇಕರಿಗೂ ನಡುವೆ ಒಂದೇ ಗೋಡೆ. ಆ ಕಡೆ ಹೊಲಿಗೆ ಯಂತ್ರ, ಈ ಕಡೆ ನನ್ನ ಒಲೆ. ಅವರ ಹತ್ತಿರ ಹೊಲಿಸಿದ ಅಂಗಿ ಮೊದಲ ಒಗೆತದವರೆಗೂ ಬನ್ನಿನ ಹಾಗೆ ಘಮಘಮ ಅನ್ನುತ್ತದೆ. ಗಿರಾಕಿಗಳು ಇದಕ್ಕೆ ಬೇಸರ ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ. ಹೆಚ್ಚಿನವರು ಅಂಗಿ ತೆಗೆದುಕೊಂಡು ಸೀದಾ ನನ್ನ ಅಂಗಡಿಗೆ ಬರುತ್ತಾರೆ.

ಭಾವನಿಗೆ ಬೇಕೆನಿಸಿದಾಗ ಕತ್ತರಿಯ ಹಿಡಿಯಿಂದ ಗೋಡೆಗೆ ಎರಡು ಸಲ ಕುಟ್ಟುತ್ತಿದ್ದರು. ಅದು ಒಡೆದ ಬಿಸ್ಕತ್ತು ಕಳಿಸು ಎಂಬ ಸಂದೇಶ. ಒಡೆದ ಬಿಸ್ಕತ್ತಿನ ಬಗ್ಗೆ ಅವರದೊಂದು ಸಿದ್ಧಾಂತವಿತ್ತು. ಮಾರಾಟಕ್ಕೆ ಬಾರದ್ದು ಲೆಕ್ಕಕ್ಕೂ ಬಾರದು. ಲೆಕ್ಕಕ್ಕೆ ಬಾರದ್ದು ಮೈಗೂ ಹತ್ತದು. ನಿಂತುಕೊಂಡು ತಿಂದದ್ದು ಊಟವಲ್ಲ, ಮಗಳ ತಟ್ಟೆಯಲ್ಲಿ ಉಳಿದದ್ದನ್ನು ಮುಗಿಸುವುದು ಊಟವಲ್ಲ, ಅದು ಅನ್ನಕ್ಕೆ ತೋರಿಸುವ ಗೌರವ. ಹೀಗೆ ದಿನವಿಡೀ ಊಟವಲ್ಲದ್ದನ್ನೇ ತಿಂದು, ರಾತ್ರಿ ಟಿವಿ ಮುಂದೆ ಕೂತು ಊಟವನ್ನೂ ಮಾಡುತ್ತಿದ್ದರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಮಾಡಿದವರು ಬಿಸ್ಕತ್ತಿನ ಪುಡಿಯನ್ನು ನೋಡಿಯೇ ಮಾಡಿರಬೇಕು.

ಇಷ್ಟಾದರೂ ಸುಮ್ಮನಿದ್ದಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಭಾವ ಸುಮ್ಮನಿರುವವರಲ್ಲ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಅಳತೆಯನ್ನು ಬೀದಿಯ ಆ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಆಮೇಲೆ ಉಪದೇಶ ಶುರು. ಊಟ ಬಲ್ಲವನಿಗೆ ರೋಗವಿಲ್ಲ, ನಾಲಿಗೆ ಕೈಯಲ್ಲಿರಬೇಕು, ನನ್ನ ನೋಡಿ, ಮದುವೆಯಾದಾಗ ಯಾವ ಅಳತೆಗೆ ಪ್ಯಾಂಟು ಕತ್ತರಿಸಿದೆನೋ ಇವತ್ತಿಗೂ ಅದೇ ಅಳತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಇಲ್ಲಿ ಬದನೆಕಾಯಿಯ ಜಾಗದಲ್ಲಿ ನನ್ನ ಬಿಸ್ಕತ್ತಿತ್ತು. ಎದುರಂಗಡಿಯ ಗಡಿಯಾರ ರಿಪೇರಿಯವನಿಗೆ ಒಮ್ಮೆ ಮದುವೆಗೆಂದು ಅಂಗಿಯ ಅಳತೆ ತೆಗೆದಾಗ ಭಾವ ಕೂಗಿದ ಸಂಖ್ಯೆಗೆ ನಾಚಿ ಅವನು ಒಂದು ವಾರ ಬಾಗಿಲು ಅರ್ಧ ಮುಚ್ಚಿಕೊಂಡು ಕೆಲಸ ಮಾಡಿದ.

ಈ ಉಪದೇಶದ ಹೊತ್ತಿನಲ್ಲೆಲ್ಲ ಅಕ್ಕ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿರುತ್ತಿದ್ದಳು. ಕೈಹೊಲಿಗೆಯೆಲ್ಲ ಅವಳದು. ಭಾವ ‘ಅದೇ ಅಳತೆ’ ಎಂದಾಗಲೆಲ್ಲ ಅವಳು ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಮುಂದಿನ ಗುಂಡಿಗೆ ಹೋಗುತ್ತಿದ್ದಳು. ಅದರಲ್ಲಿ ವಿಶೇಷವೇನಾದರೂ ಇರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಭಾವನ ಮಗಳಿಗೆ ಗಂಡು ಗೊತ್ತಾಯಿತು. ಬೀಗರು ಕುರ್ಚಿ ಮಂಚ ಮಾರುವ ವ್ಯಾಪಾರಿ, ದೊಡ್ಡ ಮೈಯ, ಅದಕ್ಕಿಂತ ದೊಡ್ಡ ನಗುವಿನ ಮನುಷ್ಯ. ಮಾತುಕತೆಗೆ ಬಂದ ದಿನ ಊಟ ಮುಗಿಸಿ ಕೂತಿದ್ದಾಗ, ತಮ್ಮ ಮದುವೆಯ ಕೋಟು ಈಗ ತಮ್ಮ ಒಂದು ತೊಡೆಗೆ ಸರಿಹೋಗಬಹುದು ಎಂದು ನಕ್ಕರು. ಭಾವ ನಗಲಿಲ್ಲ. ತಮ್ಮ ಮದುವೆಯ ಕೋಟು ಇವತ್ತಿಗೂ ಮೈಗೆ ಸರಿಯಾಗಿ ಕೂರುತ್ತದೆಂದೂ, ಮಗಳ ಮದುವೆಗೆ ಅದನ್ನೇ ಹಾಕಿಕೊಳ್ಳುವುದೆಂದೂ ಹೇಳಿಬಿಟ್ಟರು. ಒಳಗೆ ಅಕ್ಕನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿಸಿತು.

ಅಲ್ಲಿಗೆ ಮುಗಿದಿದ್ದರೆ ಬಾಯಿಮಾತು ಎಂದು ಮರೆಯಬಹುದಿತ್ತು. ಆದರೆ ಮಗಳು ಕೇಳಿಸಿಕೊಂಡಳು. ಆ ಕೋಟು ಅವಳ ತಾತ, ಅಂದರೆ ಭಾವನ ಅಪ್ಪ, ಮಗನ ಮದುವೆಗೆಂದು ಹೊಲಿದದ್ದು. ಅದೇ ಅವರು ಹೊಲಿದ ಕೊನೆಯ ಕೋಟು. ಮುಂದಿನ ವರ್ಷವೇ ತೀರಿಕೊಂಡರು; ಮೊಮ್ಮಗಳು ಅವರನ್ನು ನೋಡಲೇ ಇಲ್ಲ. ಬೀಗರು ಹೋದ ಮೇಲೆ ಅವಳು ಅಪ್ಪನ ಪಕ್ಕ ಬಂದು ಕೂತಳು.

“ನಿಜವಾಗ್ಲೂ ತಾತನ ಕೋಟು ಹಾಕ್ಕೋತೀರಾ ಅಪ್ಪ? ನಂಗೆ ತಾತನೇ ಮದುವೆಗೆ ಬಂದ ಹಾಗಿರುತ್ತೆ.”

ಇನ್ನು ಭಾವ ಹಿಂದೆ ಸರಿಯುವ ಹಾಗಿರಲಿಲ್ಲ. ಮದುವೆಗೆ ಅರ್ಧ ವರ್ಷವಿತ್ತು.

ಮಾರನೆಯ ದಿನ ಟ್ರಂಕು ತೆಗೆದು ಕೋಟು ಹೊರಬಂತು. ನನ್ನನ್ನು ಕರೆದದ್ದು ಕೋಟು ಹಾಕಿಕೊಳ್ಳುವುದನ್ನು ನೋಡಲಿಕ್ಕಲ್ಲ, ಬಿಡಿಸಲಿಕ್ಕೆ. ನಾನು ಹೋದಾಗ ಭಾವ ಎರಡೂ ತೋಳು ಹಿಂದಕ್ಕೆ ಸಿಕ್ಕಿಕೊಂಡು, ಕುತ್ತಿಗೆ ಉಬ್ಬಿಸಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಅಕ್ಕ ಒಂದು ತೋಳು, ನಾನೊಂದು ತೋಳು ಹಿಡಿದು ಎಳೆದೆವು. ಹೊರಬಂದ ಮೇಲೆ ಭಾವ ಮೊದಲು ಹೇಳಿದ್ದು, ಟ್ರಂಕಿನೊಳಗೆ ಕೋಟು ಕುಗ್ಗಿದೆ ಎಂದು. ಕನ್ನಡಿಯಲ್ಲಿ ಕಾಣುತ್ತಿದ್ದದ್ದಕ್ಕೆ ಅವರು ಎಷ್ಟೋ ವರ್ಷದಿಂದ ಗ್ಯಾಸು ಎಂದು ಹೆಸರಿಟ್ಟಿದ್ದರು. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ನಮ್ಮ ಭಾವನಿಗೆ ಹೊಟ್ಟೆಯೂ ಕಂಡಿರಲಿಲ್ಲ.

ಕೋಟು ಕುಗ್ಗಿದ್ದನ್ನು ಸಾಬೀತು ಮಾಡಲೆಂದು ತಾವು ತೊಟ್ಟಿದ್ದ ಪ್ಯಾಂಟನ್ನೇ ಬಿಚ್ಚಿ, ಪಂಚೆ ಸುತ್ತಿಕೊಂಡು, ಮೇಜಿನ ಮೇಲೆ ಹರವಿ ಟೇಪು ಹಿಡಿದರು. ಊರಿಗೆಲ್ಲ ಟೇಪು ಸುತ್ತಿದ ಮನುಷ್ಯ ತಮ್ಮ ಸೊಂಟಕ್ಕೆ ಅದನ್ನು ಸುತ್ತಿ ಎಷ್ಟು ಕಾಲವಾಗಿತ್ತೋ. ಅಳತೆ ಬದಲಾಗಿಲ್ಲ ಎಂದ ಮೇಲೆ ಅಳೆಯುವುದೇಕೆ? ಟೇಪಿನ ಮೇಲೆ ಬೆರಳು ನಿಂತಲ್ಲಿ ಅವರ ಮುಖವೂ ನಿಂತಿತು. ಪ್ಯಾಂಟಿನ ಸೊಂಟಪಟ್ಟಿಯನ್ನು ಮಗುಚಿ ನೋಡಿದರು. ಒಳಗೆ ಹೊಲಿಗೆ ಬಿಚ್ಚಿ ಹಾಕಿದ ಗುರುತು, ಅದರ ಪಕ್ಕ ಇನ್ನೊಂದು, ಬಟ್ಟೆ ಸಾಲದೆ ಹಿಂದೆ ಸೇರಿಸಿದ ಒಂದು ಪಟ್ಟಿ. ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು. ಅಕ್ಕ ಎಡಚಿ. ಈ ಬೀದಿಯಲ್ಲಿ ಎಡಕ್ಕೆ ವಾಲುವ ಹೊಲಿಗೆ ಹಾಕುವವಳು ಅವಳೊಬ್ಬಳೇ.

ಬೀರುವಿನಲ್ಲಿದ್ದ ಪ್ಯಾಂಟುಗಳೆಲ್ಲ ಮೇಜಿನ ಮೇಲೆ ಬಂದವು. ಎಲ್ಲದರಲ್ಲೂ ಅದೇ ಕಥೆ. ಮದುವೆಯ ಅಳತೆಗೆ ಭಾವ ಕತ್ತರಿಸಿಕೊಟ್ಟದ್ದನ್ನು, ಸೊಂಟದ ಕೈಹೊಲಿಗೆ ಮುಗಿಸುವ ನೆಪದಲ್ಲಿ ಅಕ್ಕ ಬೇಕಾದಷ್ಟು ಸಡಿಲ ಮಾಡುತ್ತ ಬಂದಿದ್ದಳು.

“ಇಷ್ಟು ವರ್ಷ ನಾನು ಊರಿಗೆಲ್ಲ ಬುದ್ಧಿ ಹೇಳ್ತಿದ್ದೆ,” ಎಂದರು ಭಾವ. “ನೀನು ಗುಂಡಿ ಹಚ್ತಾ ಕೂತಿದ್ದೆ.”

ಅಕ್ಕ ನಡೆದದ್ದನ್ನು ಹೇಳಿದಳು. ಮಾವ ತೀರಿಕೊಂಡ ಹೊಸದರಲ್ಲಿ ಒಂದು ದಿನ ಪ್ಯಾಂಟು ಬಿಗಿಯಾಗಿ, ಅಪ್ಪ ಹೋದ ದುಃಖಕ್ಕೆ ಇದೂ ಸೇರಿ, ಭಾವ ಅನ್ನ ಮುಟ್ಟದೆ ಮಲಗಿದ್ದರಂತೆ. ಅದನ್ನು ನೋಡಲಾರದೆ ಒಂದೇ ಒಂದು ಸಲ ಎಂದು ಬಿಚ್ಚಿದಳು. ಬೆಳಗ್ಗೆ ಅವರು ಪ್ಯಾಂಟು ಹಾಕಿಕೊಂಡು, ಒಂದು ದಿನದ ಉಪವಾಸಕ್ಕೆ ಇಳಿದೇಬಿಟ್ಟೆ ಎಂದು ಕುಣಿದರು. ಆ ಮುಖ ನೋಡಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಅದು ಮನೆಗೆಲಸಗಳಲ್ಲಿ ಒಂದಾಯಿತು. ನನಗೆ ಅಕ್ಕನ ಮೇಲೆ ಸಿಟ್ಟು ಬಂತು, ನಗೂ ಬಂತು. ನಕ್ಕೆ. ಭಾವ ನನ್ನನ್ನು ಹೊರಗೆ ಕಳಿಸಿದರು.

ಸಿಟ್ಟು ಇಳಿದ ಮೇಲೆ ಭಾವನೇ ಕೋಟಿನ ಮಾತೆತ್ತಿದರು. ಅದನ್ನೂ ಬಿಚ್ಚಿ ದೊಡ್ಡದು ಮಾಡಲಾದೀತೇ ಎಂದು. ಅಕ್ಕ ಒಂದೇ ಮಾತು ಕೇಳಿದಳು. “ಮಾವನವರು ಹೊಲಿಗೆ ಒಳಗೆ ಎಷ್ಟು ಬಟ್ಟೆ ಬಿಡ್ತಿದ್ರು ಅಂತ ನಿಮಗೆ ಗೊತ್ತಿಲ್ವಾ?”

ಗೊತ್ತಿಲ್ಲದೆ ಏನು. ದೊಡ್ಡ ದರ್ಜಿ ಎಂದೇ ಹೆಸರಾಗಿದ್ದ ಭಾವನ ಅಪ್ಪ ಬಟ್ಟೆಯ ವಿಷಯದಲ್ಲಿ ಎಂಜಲು ಕೈಯಲ್ಲಿ ಕಾಗೆ ಓಡಿಸದವರು. ಒಳಗೆ ಹೆಚ್ಚು ಬಟ್ಟೆ ಮಡಿಸಿಟ್ಟರೆ ಗಿರಾಕಿಗೆ ದಪ್ಪಗಾಗಲು ಧೈರ್ಯ ಬರುತ್ತದೆ ಎನ್ನುತ್ತಿದ್ದರಂತೆ. ಅವರ ಹೊಲಿಗೆಯೊಳಗೆ ಇರುವೆಗೂ ಜಾಗವಿರುತ್ತಿರಲಿಲ್ಲ. ಅದೂ ಅಲ್ಲದೆ, ಅಪ್ಪನ ಕೊನೆಯ ಹೊಲಿಗೆಗೆ ಬ್ಲೇಡು ಹಾಕುವ ಮನಸ್ಸು ಭಾವನಿಗಿರಲಿಲ್ಲ. ಕೋಟು ಹಿಗ್ಗುವುದಿಲ್ಲ, ಮನುಷ್ಯನೇ ಕುಗ್ಗಬೇಕು.

ಮೊದಲು ಸೌತೆಕಾಯಿ. ಬೆಳಗ್ಗೆ ಸೌತೆಕಾಯಿ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ನೀರು. ಎರಡೇ ದಿನಕ್ಕೆ ಭಾವ ಯಾರ ಮುಖ ನೋಡಿದರೂ ಉರಿಯತೊಡಗಿದರು. ಮೂರನೆಯ ದಿನ ಒಬ್ಬ ಮೇಷ್ಟರ ಪ್ಯಾಂಟಿನ ಎರಡೂ ಕಾಲನ್ನು ಕೆಳಗಡೆ ಹೊಲಿದು ಮುಚ್ಚಿ, ಇಸ್ತ್ರಿ ಮಾಡಿ, ಮಡಿಸಿ ಕೊಟ್ಟರು. ಮೇಷ್ಟರು ಅದನ್ನು ಮನೆಯಲ್ಲಿ ಹಾಕಿಕೊಳ್ಳಲು ಹೋಗಿ ಬಿದ್ದು, ಆ ಎರಡು ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಬಂದರು. ಅದೇ ಸಂಜೆ ಭಾವ ನನ್ನ ಬೇಕರಿಯ ಹಿಂಬಾಗಿಲಿನಿಂದ ಬಂದು ನಿಂತೇ ಒಂದು ತಟ್ಟೆ ಬನ್ನು ಮುಗಿಸಿದರು. ನಿಂತು ತಿಂದದ್ದು ಊಟವಲ್ಲವಲ್ಲ.

ಆಮೇಲೆ ಓಟ. ಹೊಸ ಬೂಟು ಬಂತು. ಮೊದಲ ದಿನ ಬೀದಿಯ ನಾಯಿಗಳು ಇದೇನೋ ಹೊಸ ಆಟ ಎಂದು ಜೊತೆಗೆ ಓಡಿದವು. ಹೋಗುವಾಗ ಭಾವ ಓಡಿದರು, ಬರುವಾಗ ತರಕಾರಿ ಗಾಡಿಯಲ್ಲಿ ಕಾಲು ಚಾಚಿ ಕೂತು ಬಂದರು. ಮೊಣಕಾಲು ಒಂದು ವಾರ ಮಾತಾಡಿತು. ಕೊನೆಗೆ ಯಾರದೋ ಮಾತು ಕೇಳಿ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ತಾರಸಿಯ ಬಿಸಿಲಲ್ಲಿ ಕೂತರು, ಬೆವರಿದರೆ ಕರಗುತ್ತದೆಂದು. ಕರಗಿದ್ದು ಅಕ್ಕನ ತಾಳ್ಮೆ. ಕತ್ತರಿ ತಂದು ಹಾಳೆ ಕತ್ತರಿಸಿ ಹೊರತೆಗೆದಳು.

ಅವತ್ತಿನಿಂದ ಅಕ್ಕನ ಆಡಳಿತ. ಮೊದಲು ನನಗೆ ಹುಕುಂ ಬಂತು, ಗೋಡೆ ಎಷ್ಟೇ ಕುಟ್ಟಿದರೂ ನಾನು ಕಿವುಡ. ಒಡೆದ ಬಿಸ್ಕತ್ತನ್ನೆಲ್ಲ ನಾನೇ ತಿನ್ನಬೇಕಾಯಿತು. ಕುಟುಂಬಕ್ಕಾಗಿ ಮನುಷ್ಯ ಏನೇನನ್ನೋ ಸಹಿಸಬೇಕು.

ಎರಡನೆಯದಾಗಿ, ಹೊಲಿಗೆ ಯಂತ್ರದ ಮೋಟರು ಒಂದು ಬೆಳಗ್ಗೆ ಕೆಟ್ಟುಹೋಯಿತು. ಹೇಗೆ ಕೆಟ್ಟಿತೆಂದು ಅಕ್ಕನನ್ನು ಕೇಳಿದರೆ ಅವಳು ಗುಂಡಿ ಎಣಿಸತೊಡಗಿದಳು. ಮದುವೆಯಾದ ಹೊಸದರಲ್ಲಿ ಭಾವ ದಿನವಿಡೀ ಕಾಲಿನಿಂದ ಪೆಡಲು ತುಳಿದು ಹೊಲಿಯುತ್ತಿದ್ದರು. ಮೋಟರು ಬಂದ ಮೇಲೆ ಬೆರಳು ಮಾತ್ರ ದುಡಿಯುತ್ತಿತ್ತು, ಕಾಲು ನಿದ್ದೆ ಮಾಡುತ್ತಿತ್ತು. ಈಗ ಮತ್ತೆ ಪೆಡಲು. ಮೊದಲ ವಾರ ಗೊಣಗಿದರು, ಆಮೇಲೆ ತುಳಿಯುವ ತಾಳಕ್ಕೆ ಹಾಡು ಶುರುವಾಯಿತು. ಗೋಡೆಯ ಈಚೆಗಿದ್ದ ನನಗೆ ಗೊಣಗಾಟವೇ ವಾಸಿ ಅನ್ನಿಸಿತು.

ಮೂರನೆಯದು ಬಟ್ಟೆ ತಲುಪಿಸುವುದು. ಹೊಲಿದು ಮುಗಿದ ಬಟ್ಟೆಯನ್ನು ಗಿರಾಕಿಗಳು ತಾವೇ ಬಂದು ಒಯ್ಯುತ್ತಿದ್ದರು. ಇನ್ನು ಮೇಲೆ ಮನೆಗೇ ತಂದುಕೊಡುತ್ತೇವೆಂದು ಅಕ್ಕ ಸಾರಿಬಿಟ್ಟಳು. ಅದೂ ಎಲ್ಲ ಒಟ್ಟಿಗಲ್ಲ. ಒಂದು ಅಂಗಿ ಕೊಟ್ಟು ಬನ್ನಿ, ಬಂದ ಮೇಲೆ ಅದೇ ಮನೆಯ ಪ್ಯಾಂಟು ಕೊಟ್ಟು ಬನ್ನಿ. ಆ ಮನೆ ಮೂರನೆಯ ಮಹಡಿಯಲ್ಲಿದ್ದರೆ ಅಕ್ಕನಿಗೆ ಅದೊಂದು ಹಬ್ಬ. ಬೀದಿಯವರಿಗೆಲ್ಲ ಕೋಟಿನ ಕಥೆ ಗೊತ್ತಾಗಿತ್ತು, ನನ್ನ ಬಾಯಿ ಇರುವುದೇ ಅದಕ್ಕೆ. ಗಡಿಯಾರ ರಿಪೇರಿಯವನು ಒಂದು ದಿನ ಭಾವನನ್ನು ತಡೆದು ನಿಲ್ಲಿಸಿ, ಅವರದೇ ಟೇಪನ್ನು ಅವರದೇ ಸೊಂಟಕ್ಕೆ ಸುತ್ತಿ, ಸಂಖ್ಯೆಯನ್ನು ಎರಡು ಸಲ ಕೂಗಿದ. ಆವತ್ತಿನಿಂದ ಭಾವ ಗಿರಾಕಿಗಳ ಅಳತೆಯನ್ನು ಅಕ್ಕನ ಕಿವಿಯಲ್ಲಿ ಹೇಳತೊಡಗಿದರು.

ಊಟಕ್ಕೂ ಹೊಸ ಕ್ರಮ ಬಂತು. ಟಿವಿ ಬಂದ್, ಕೂತೇ ತಿನ್ನಬೇಕು. ಮಗಳು ಚಿಕ್ಕವಳಿದ್ದಾಗ ಉಣ್ಣುತ್ತಿದ್ದ, ತಳದಲ್ಲಿ ಬಾತುಕೋಳಿಯ ಚಿತ್ರವಿದ್ದ ಪುಟ್ಟ ತಟ್ಟೆ ಭಾವನ ಮುಂದೆ ಬಂತು. ಅರ್ಧ ತಟ್ಟೆ ತರಕಾರಿ, ಉಳಿದ ಅರ್ಧದಲ್ಲಿ ಅನ್ನ ಮತ್ತು ಬೇಳೆ ಜಗಳವಾಡದೆ ಇರಬೇಕು. ಬಾತುಕೋಳಿ ಪೂರ್ತಿ ಕಂಡ ಮೇಲೆ ಇನ್ನೂ ಬೇಕೆನಿಸಿದರೆ ಅಕ್ಕ ಇಲ್ಲ ಎನ್ನುತ್ತಿರಲಿಲ್ಲ. ಸೂಜಿ ನೂಲು ಕೈಗೆ ಕೊಟ್ಟು, ಒಂದು ಕಾಜಾ ಹೊಲಿದು ಮುಗಿಸಿ, ಆಮೇಲೆ ಕೇಳಿ ಎನ್ನುತ್ತಿದ್ದಳು. ಗುಂಡಿ ತೂರುವ ಆ ತೂತಿನ ಸುತ್ತ ಒತ್ತೊತ್ತಾಗಿ ಕೈಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಹಸಿವು ಎಲ್ಲಿಗೋ ಹೋಗಿರುತ್ತಿತ್ತು. ಕೆಲವು ದಿನ ಹೋಗಿರುತ್ತಿರಲಿಲ್ಲ. ಆಗ ಇನ್ನಷ್ಟು ಉಣ್ಣುತ್ತಿದ್ದರು, ಅಕ್ಕನೂ ಬಡಿಸುತ್ತಿದ್ದಳು. ಭಾನುವಾರ ನನ್ನ ಬೇಕರಿಯಿಂದ ಒಂದು ಇಡೀ ಬಿಸ್ಕತ್ತು ಹೋಗುತ್ತಿತ್ತು. ಒಡೆದದ್ದಲ್ಲ, ಲೆಕ್ಕಕ್ಕೆ ಬರುವಂಥದ್ದು. ಅದನ್ನು ಭಾವ ಕೂತು, ಕಣ್ಣು ಮುಚ್ಚಿ, ಬಹಳ ಹೊತ್ತು ತಿನ್ನುತ್ತಿದ್ದರು. ನನ್ನ ಬಿಸ್ಕತ್ತನ್ನು ಅಷ್ಟು ಮರ್ಯಾದೆಯಿಂದ ಯಾರೂ ತಿಂದಿರಲಿಲ್ಲ.

ಮೊದಲ ತಿಂಗಳು ಏನೂ ಆಗಲಿಲ್ಲ. ಭಾವ ಮುಖ ಊದಿಸಿಕೊಂಡು ಕೂತರು. ಇಷ್ಟು ವರ್ಷ ಏರಿದ್ದಕ್ಕೆ ಇಳಿಯಲೂ ಸಮಯ ಬೇಡವೇ ಎಂದು ಅಕ್ಕ ಅವರ ಕೈಗೆ ಇನ್ನೊಂದು ಅಂಗಿ ಕೊಟ್ಟು ಮೂರನೆಯ ಮಹಡಿಗೆ ಕಳಿಸಿದಳು. ಎರಡನೆಯ ತಿಂಗಳು ಪ್ಯಾಂಟು ಜಾರತೊಡಗಿತು. ಭಾವ ಬ್ಲೇಡು ಹಿಡಿದು, ಹಿಂದೆ ಸೇರಿಸಿದ್ದ ಪಟ್ಟಿಯನ್ನು ತಾವೇ ಬಿಚ್ಚಿ ತೆಗೆದರು. ಆಮೇಲೆ ಎಡಕ್ಕೆ ವಾಲಿದ ಅಕ್ಕನ ಹೊಲಿಗೆ ಒಂದೊಂದಾಗಿ ಹೋಗತೊಡಗಿತು. ಪ್ರತಿ ಸಲವೂ ಬಿಚ್ಚಿದ ನೂಲನ್ನು ಗೋಡೆಯ ಈಚೆಗೆ ತಂದು ನನಗೆ ತೋರಿಸುತ್ತಿದ್ದರು. ಮೆಟ್ಟಿಲು ಹತ್ತುವಾಗ ಏದುಸಿರೂ ನಿಂತಿತ್ತು. ನಾನು ಬಾಯಲ್ಲಿ ಒಡೆದ ಬಿಸ್ಕತ್ತು ಇಟ್ಟುಕೊಂಡೇ ಅಭಿನಂದಿಸುತ್ತಿದ್ದೆ.

ಮದುವೆಗೆ ಒಂದು ವಾರವಿರುವಾಗ ಕೋಟು ಮತ್ತೆ ಹೊರಬಂತು. ಈ ಸಲ ನನ್ನನ್ನು ನೋಡಲಿಕ್ಕೇ ಕರೆದರು. ತೋಳು ಸಲೀಸಾಗಿ ಹೋಯಿತು. ಭುಜ ಕೂತಿತು. ಮೇಲಿನ ಗುಂಡಿ ಹಾಕಿದರು, ಮಗಳು ಚಪ್ಪಾಳೆ ತಟ್ಟಿದಳು. ನಡುವಿನದೂ ಆಯಿತು. ಕೆಳಗಿನ ಗುಂಡಿ ಎರಡು ಬೆರಳು ದೂರದಲ್ಲಿ ನಿಂತುಬಿಟ್ಟಿತು. ಭಾವ ಉಸಿರು ಎಳೆದರು, ಬಿಟ್ಟರು, ಮತ್ತೆ ಎಳೆದರು. ಅದು ಬರಲಿಲ್ಲ. ಬಿಡಿ ಅಪ್ಪ, ಗುಂಡಿ ತೆಗೆದೇ ಹಾಕ್ಕೊಳ್ಳಿ ಎಂದು ಮಗಳು ಅಂದಳು. ತಾತನ ಕೋಟನ್ನು ಗುಂಡಿ ತೆಗೆದು ಹಾಕಿಕೊಂಡರೆ ತಾತನಿಗೇ ಅವಮಾನ ಎಂದು ಭಾವ ಅದನ್ನು ಕಳಚಿ ಮೇಜಿನ ಮೇಲಿಟ್ಟರು. ಬೀಗರ ಮುಂದೆ ತಪ್ಪೊಪ್ಪಿಕೊಳ್ಳುವ ಮಾತನ್ನು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದರೆಂದು ಕಾಣುತ್ತದೆ, ತುಟಿ ಅಲುಗುತ್ತಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

ಅಕ್ಕ ಬಂದು ಬ್ಲೇಡನ್ನು ಕೋಟಿನ ಪಕ್ಕ ಇಟ್ಟಳು. “ಬಗಲಿನ ಹೊಲಿಗೆ ಬಿಚ್ಚಿ ನೋಡಿ,” ಎಂದಳು.

ಒಳಗೆ ಏನಿರುತ್ತೆ ಎಂದು ಭಾವ ಗೊಣಗಿದರು. ಆದರೂ ಕೂತು, ಬಹಳ ನಿಧಾನವಾಗಿ ಲೈನಿಂಗಿನ ನೂಲು ಬಿಚ್ಚಿದರು. ಒಳಗೆ ಕೈ ಹಾಕಿದರು. ಬಗಲಿನ ಉದ್ದಕ್ಕೂ ನಾಲ್ಕು ಬೆರಳು ಅಗಲದ ಬಟ್ಟೆ ನೀಟಾಗಿ ಮಡಿಸಿ ಕೂತಿತ್ತು. ಇನ್ನೊಂದು ಬಗಲಿನಲ್ಲೂ ಅಷ್ಟೇ. ಯಾರಿಗೂ ಒಂದು ದಾರದಷ್ಟು ಬಟ್ಟೆ ಬಿಡದ ದೊಡ್ಡ ದರ್ಜಿ, ಮಗನಿಗೆ ಬಿಟ್ಟಿದ್ದರು.

ಭಾವ ಬಿಚ್ಚಿದ ನೂಲನ್ನು ಬೆಳಕಿಗೆ ಹಿಡಿದರು, ಆಮೇಲೆ ಲೈನಿಂಗಿನ ಅಂಚಿನಲ್ಲಿ ಉಳಿದ ಹೊಲಿಗೆ ನೋಡಿದರು. ಅದರಲ್ಲಿ ಒಂದು ಗೇಣು ಉದ್ದದ ಹೊಲಿಗೆ ಎಡಕ್ಕೆ ವಾಲಿತ್ತು.

“ನೀನು ಇದನ್ನ ಯಾವಾಗ ಬಿಚ್ಚಿದ್ದೆ?”

“ಮದುವೆ ಆದ ವರ್ಷಾನೇ. ಅಲ್ಲಿ ಹೊಲಿಗೆ ಬಿಟ್ಟಿತ್ತು, ಹಾಕೋಕೆ ಹೋದಾಗ ಕಾಣಿಸ್ತು. ಇಷ್ಟು ಬಟ್ಟೆ ಯಾಕೆ ಅಂತ ಮಾವನವರನ್ನೇ ಕೇಳಿದೆ.”

“ಅಪ್ಪ ಏನಂದ್ರು?”

“ನನ್ನ ಮಗನ ಬಾಯಿ ನಂಗೆ ಗೊತ್ತಮ್ಮ, ಅದಕ್ಕೇ ಬಿಟ್ಟಿದೀನಿ. ಆದ್ರೆ ಅವನಿಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ಅಷ್ಟನ್ನೂ ತುಂಬಿಸ್ತಾನೆ ಅಂದ್ರು.”

ಭಾವ ಮೊದಲು ನಕ್ಕರು. ನಗುತ್ತ ನಗುತ್ತ ಆ ಮಡಿಕೆಯ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಮಗಳು ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟಳು. ನಾನು ಗಡಿಯಾರದ ಅಂಗಡಿಯ ಕಡೆ ನೋಡುತ್ತ ನಿಂತೆ, ಏಕೆಂದರೆ ನನ್ನ ಕಣ್ಣಿಗೂ ಏನೋ ಬಿದ್ದಿತ್ತು, ಬಹುಶಃ ಮೈದಾ.

ಎರಡೂ ಬಗಲು ಸೇರಿ ಬಿಚ್ಚಿದ್ದು ಎರಡು ಬೆರಳು. ಉಳಿದ ಬಟ್ಟೆಯನ್ನು ಭಾವ ಇದ್ದ ಹಾಗೇ ಮಡಿಸಿ ಹೊಲಿದರು. ಲೈನಿಂಗು ಮುಚ್ಚುವ ಕೈಹೊಲಿಗೆಯನ್ನು ಅಕ್ಕನಿಗೆ ಬಿಟ್ಟರು.

ಮದುವೆಯ ದಿನ ಭಾವ ಮೂರೂ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಬೀಗರು ಸುತ್ತ ಒಂದು ಪ್ರದಕ್ಷಿಣೆ ಬಂದು, ಒಂದು ನೂಲೂ ಬಿಚ್ಚಿಲ್ವಾ ಎಂದು ಕೇಳಿದರು. ಬಡಾಯಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ. ಭಾವ ಕೋಟಿನ ಒಳಭಾಗ ಮಗುಚಿ ತೋರಿಸಿದರು.

“ಎರಡು ಬೆರಳು ಬಿಚ್ಚಿದೀವಿ ಬೀಗರೇ. ಮಿಕ್ಕಿದ್ದು ಅಪ್ಪ ಬಿಟ್ಟ ಹಾಗೇ ಇದೆ. ಅದನ್ನ ಮುಟ್ಟಲ್ಲ.”

ಮುಂದಿನ ವಾರ ಬೀಗರು ಅಂಗಡಿಗೆ ಬಂದು, ತಮ್ಮ ಅಳತೆಯನ್ನು ದಯವಿಟ್ಟು ಕಿವಿಯಲ್ಲೇ ಹೇಳಬೇಕೆಂದು ಕೇಳಿಕೊಂಡರು.

ಮೋಟರು ಈಗಲೂ ಮೇಜಿನ ಕೆಳಗೆ ಧೂಳು ತಿನ್ನುತ್ತಿದೆ. ಬಾತುಕೋಳಿ ತಟ್ಟೆಯನ್ನು ಮಗಳು ಗಂಡನ ಮನೆಗೆ ಕೇಳಿದಳು, ಭಾವ ಕೊಡಲಿಲ್ಲ. ಸಂಜೆಗೆ ಗೋಡೆಗೆ ಈಗಲೂ ಎರಡು ಏಟು ಬೀಳುತ್ತದೆ. ಬಿಸ್ಕತ್ತಿಗಲ್ಲ, ನನ್ನನ್ನು ಎಳೆದುಕೊಂಡು ಹೋಗಲಿಕ್ಕೆ. ಭಾವನ ಒಂದು ಕೈಯಲ್ಲಿ ಯಾರದೋ ಅಂಗಿ, ಇನ್ನೊಂದು ಕೈಯಲ್ಲಿ ನನ್ನ ತೋಳು. ಆ ಅರ್ಧ ವರ್ಷದ ಒಡೆದ ಬಿಸ್ಕತ್ತೆಲ್ಲ ಎಲ್ಲಿ ಹೋಯಿತೆಂದು ನನ್ನ ಪ್ಯಾಂಟುಗಳಿಗೆ ಗೊತ್ತು. ಹೋದ ತಿಂಗಳು ಭಾವ ನನಗೊಂದು ಹೊಸ ಪ್ಯಾಂಟು ಹೊಲಿದುಕೊಟ್ಟರು. ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದೀರಿ ಎಂದು ಕೇಳಿದೆ. ಭಾವ ಪೆಡಲು ತುಳಿಯುತ್ತ ಹಾಡತೊಡಗಿದರು. ಅಕ್ಕನ ಕಡೆ ನೋಡಿದೆ. ಅವಳು ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಮುಂದಿನ ಗುಂಡಿಗೆ ಹೋದಳು.